ಸ್ಪ್ಯಾನಿಷ್‌ನಲ್ಲಿ ‘ನಾನು ಭಾರತೀಯಳು’ ಎನ್ನುವುದು ಹೇಗೆ?

ಸ್ಪ್ಯಾನಿಷ್ ಕಲಿಕೆಯ ಮೊದಲ ಪಾಠಗಳಲ್ಲೇ ತನ್ನ ದೇಶ ಯಾವುದೆಂದು ಹೇಳಿಕೊಳ್ಳುವ ಪಾಠ ಬರುತ್ತದೆ. ಭಾರತದ ಗಂಡಸು ‘ಸೊಯ್ ಇಂದಿಯೊ’ ಎನ್ನಬೇಕು, ಹೆಂಗಸು ‘ಸೊಯ್ ಇಂದಿಯಾ’ ಎನ್ನಬೇಕು. ನಮ್ಮ ಹುಡುಗಿಯರು ತಡವರಿಸುವುದು ಇಲ್ಲಿಯೇ. ‘ಇಂದಿಯಾ’ ಎಂಬುದು ದೇಶದ ಹೆಸರಾಗಿಯೇ ಕಿವಿಗೆ ಬೀಳುವುದರಿಂದ, ‘ನಾನು ಇಂಡಿಯಾ’ ಎಂದಂತಾಗುತ್ತದೆಯೇನೋ ಎಂದು ಅಳುಕಿ ‘ಇಂದಿಯೊ’ ಎಂದುಬಿಡುತ್ತಾರೆ; ಕೇಳಿದವರಿಗೆ ಅದು ಗಂಡಸಿನ ಮಾತಾಗುತ್ತದೆ. ದೇಶದ ಹೆಸರೂ ಆ ದೇಶದ ಹೆಣ್ಣನ್ನು ಸೂಚಿಸುವ ಪದವೂ ಉಚ್ಚಾರದಲ್ಲಿ ಒಂದೇ. ಬರೆಯುವಾಗ ಮಾತ್ರ ದೇಶದ ಹೆಸರು ದೊಡ್ಡಕ್ಷರದಿಂದಲೂ ರಾಷ್ಟ್ರೀಯತೆಯ ಪದ ಸಣ್ಣಕ್ಷರದಿಂದಲೂ ಆರಂಭವಾಗುತ್ತದೆ. ಇಂಗ್ಲಿಷ್ ಬರೆದು ರೂಢಿಯಾದ ಕೈ ಎರಡಕ್ಕೂ ದೊಡ್ಡಕ್ಷರವನ್ನೇ ಹಾಕುತ್ತದೆ, ಅದನ್ನು ತಡೆಯಬೇಕು.

ಕನ್ನಡಿಗ, ಕನ್ನಡತಿ, ಕನ್ನಡಿಗರು ಎಂದು ಸಹಜವಾಗಿ ಹೇಳುವ ನಮಗೆ ಮನುಷ್ಯರ ವಿಷಯದಲ್ಲಿ ಈ ಬದಲಾವಣೆ ಹೊಸದಲ್ಲ. ತೊಡಕಿರುವುದು ವಸ್ತುಗಳಲ್ಲಿ. ಸ್ಪ್ಯಾನಿಷ್‌ನ ಪ್ರತಿಯೊಂದು ನಾಮಪದಕ್ಕೂ ಲಿಂಗವಿದೆ. ಊಟ ಎಂಬರ್ಥದ ‘ಕೊಮೀದಾ’ ಸ್ತ್ರೀಲಿಂಗ, ದ್ರಾಕ್ಷಾರಸ ಎಂಬರ್ಥದ ‘ವೀನೊ’ ಪುಲ್ಲಿಂಗ. ಆದ್ದರಿಂದ ಮೆಕ್ಸಿಕೊದ ಗಂಡಸೇ ಅಡುಗೆ ಮಾಡಿದ್ದರೂ ಅದು ‘ಕೊಮೀದಾ ಮೆಹಿಕಾನಾ’, ಚಿಲಿಯ ಹೆಂಗಸೇ ತಯಾರಿಸಿದ್ದರೂ ಅದು ‘ವೀನೊ ಚಿಲೇನೊ’. ಮೊದಲು ನಾಮಪದದ ಲಿಂಗವನ್ನು ಗೊತ್ತುಮಾಡಿಕೊಂಡು, ಅದರ ಅನಂತರ ರಾಷ್ಟ್ರೀಯತೆಯ ಪದವನ್ನಿಟ್ಟು, ಬಳಿಕ ಆ ಪದದ ಕೊನೆಯನ್ನು ಹೊಂದಿಸಬೇಕು. ಕನ್ನಡದಲ್ಲಿ ನಾಮಪದಕ್ಕಿಂತ ಮೊದಲು ಬರುವ ವಿಶೇಷಣ ಅಲ್ಲಿ ನಾಮಪದದ ಅನಂತರ ಬರುತ್ತದೆ.

ಕೊನೆಯನ್ನು ಹೊಂದಿಸುವಾಗ ಪುಲ್ಲಿಂಗ ರೂಪ ಹೇಗೆ ಮುಗಿಯುತ್ತದೆ ಎಂಬುದನ್ನು ನೋಡಿ. ‘ಒ’ಕಾರದಲ್ಲಿ ಮುಗಿದರೆ ಅದು ‘ಆ’ ಆಗುತ್ತದೆ. ವ್ಯಂಜನದಲ್ಲಿ ಮುಗಿದರೆ ‘ಆ’ ಸೇರುತ್ತದೆ: ಎಸ್ಪಾನ್ಯೋಲ್ (ಸ್ಪೇನಿನವನು), ಎಸ್ಪಾನ್ಯೋಲಾ. 1713ರಲ್ಲಿ ಸ್ಥಾಪನೆಯಾದ ಸ್ಪ್ಯಾನಿಷ್ ಭಾಷಾ ಅಕಾಡೆಮಿಯ ಹೆಸರು ‘ರೆಯಾಲ್ ಅಕಾದೆಮಿಯಾ ಎಸ್ಪಾನ್ಯೋಲಾ’ ಎಂದಿರುವುದು ‘ಅಕಾದೆಮಿಯಾ’ ಸ್ತ್ರೀಲಿಂಗವಾದ್ದರಿಂದಲೇ. ಇಂಗ್ಲೇಸ್ (ಇಂಗ್ಲಿಷ್), ಫ್ರಾನ್ಸೇಸ್ (ಫ್ರೆಂಚ್), ಅಲೆಮಾನ್ (ಜರ್ಮನ್) ಮೊದಲಾದ ಪದಗಳ ಕೊನೆಯ ಸ್ವರದ ಮೇಲೆ ಒಂದು ಓರೆಗೆರೆ ಇರುತ್ತದೆ. ಇಂಗ್ಲೇಸಾ, ಅಲೆಮಾನಾ ಎಂದಾಗ ಅದನ್ನು ಬಿಡಬೇಕು. ‘ನ್’ ಅಥವಾ ‘ಸ್’ನಲ್ಲಿ ಮುಗಿಯುವ ಪದದ ಒತ್ತು ಕೊನೆಯ ಅಕ್ಷರದ ಮೇಲೆ ಬಿದ್ದರೆ ಮಾತ್ರ ಅಲ್ಲಿ ಗುರುತು ಬೇಕು, ‘ಆ’ ಸೇರಿದ ಮೇಲೆ ಆ ಒತ್ತು ಕೊನೆಯಿಂದ ಎರಡನೆಯ ಅಕ್ಷರದ್ದಾಗುವುದರಿಂದ ಗುರುತಿನ ಅಗತ್ಯವೇ ಉಳಿಯುವುದಿಲ್ಲ. ಈ ಕಾರಣ ತಿಳಿದವರು ಪದಪಟ್ಟಿಯನ್ನು ಉರು ಹೊಡೆಯಬೇಕಿಲ್ಲ.

ಕನಾದಿಯೆನ್ಸೆ (ಕೆನಡಾ), ಬೆಲ್ಗಾ (ಬೆಲ್ಜಿಯಂ), ಇರಾನೀ, ಮಾರೊಕೀ (ಮೊರಾಕ್ಕೊ) ಇಂಥವು ಗಂಡಿಗೂ ಹೆಣ್ಣಿಗೂ ಒಂದೇ. ಬಹುವಚನಕ್ಕೆ ಸ್ವರದ ಬಳಿಕ ‘ಸ್’, ವ್ಯಂಜನದ ಬಳಿಕ ‘ಎಸ್’ ಸೇರಿಸಿ. ಗಂಡಸರು, ಹೆಂಗಸರು ಬೆರೆತ ಗುಂಪಿಗೆ ಪುಲ್ಲಿಂಗವೇ ಸಲ್ಲುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದವರಿಗೆ ‘ಎಸ್ತಾದೊಉನಿದೆನ್ಸೆ’ ಎಂಬ ಉದ್ದದ ಪದವನ್ನೇ ಕಲಿಯುವುದು ಮೇಲು. ಪೆರು, ಅರ್ಜೆಂಟಿನಾದವರೂ ತಾವು ಅಮೆರಿಕದವರೇ ಎಂದು ಭಾವಿಸುವುದರಿಂದ ‘ಅಮೆರಿಕಾನೊ’ ಎಂಬುದು ಅಲ್ಲಿ ಆಕ್ಷೇಪಕ್ಕೆ ಎಡೆಮಾಡಬಹುದು.

ಇನ್ನು ನಮ್ಮದೇ ಪದದ ಸೂಕ್ಷ್ಮ. 1492ರಲ್ಲಿ ಕೊಲಂಬಸ್ ತಾನು ಮುಟ್ಟಿದ ನೆಲವನ್ನು ಇಂಡೀಸ್ (ಭಾರತದ ಕಡೆಯ ಪೂರ್ವದೇಶಗಳು) ಎಂದುಕೊಂಡದ್ದರಿಂದ ಅಲ್ಲಿಯ ಮೂಲನಿವಾಸಿಗಳಿಗೂ ‘ಇಂದಿಯೊ’ ಎಂಬ ಹೆಸರು ಅಂಟಿತು, ಲ್ಯಾಟಿನ್ ಅಮೆರಿಕದಲ್ಲಿ ಅದು ಎಷ್ಟೋ ಕಡೆ ಹೀನಾಯದ ಪದವಾಯಿತು. ಹೀಗಾಗಿ ಅಲ್ಲಿ ಭಾರತೀಯರನ್ನು ‘ಇಂದೂ’, ಅಂದರೆ ಹಿಂದೂ, ಎನ್ನುವ ರೂಢಿಯಿದೆ. ಭಾರತದ ಮುಸ್ಲಿಮರಿಗೋ ಕ್ರೈಸ್ತರಿಗೋ ಜೈನರಿಗೋ ಈ ಪದ ಹೇಗೆ ಹೊಂದೀತು? ನನ್ನ ಮಟ್ಟಿಗೆ ‘ಸೊಯ್ ದೆ ಲಾ ಇಂದಿಯಾ’, ಅಂದರೆ ‘ನಾನು ಭಾರತದವನು’ ಅಥವಾ ‘ಭಾರತದವಳು’, ಎನ್ನುವುದೇ ಒಳ್ಳೆಯದು. ಲಿಂಗದ ಚಿಂತೆಯೂ ಇಲ್ಲ, ಅಪಾರ್ಥವೂ ಇಲ್ಲ.

ಭಾಷೆಯ ಹೆಸರಿಗೆ ಸಾಮಾನ್ಯವಾಗಿ ರಾಷ್ಟ್ರೀಯತೆಯ ಪುಲ್ಲಿಂಗ ಏಕವಚನ ರೂಪವೇ ಸಾಕು. ಮಾತನಾಡುವವಳು ಹೆಣ್ಣಾದರೂ ‘ಆಬ್ಲೊ ಎಸ್ಪಾನ್ಯೋಲ್’ (ನಾನು ಸ್ಪ್ಯಾನಿಷ್ ಮಾತನಾಡುತ್ತೇನೆ) ಎಂದೇ ಹೇಳಬೇಕು. ಕನ್ನಡಕ್ಕೆ ಸ್ಪ್ಯಾನಿಷ್‌ನಲ್ಲಿ ‘ಕನಾರೇಸ್’ ಎಂಬ ಹೆಸರಿದೆ. ಬಾಯಿ ತಪ್ಪಿ ‘ಸೊಯ್ ಕನಾರಿಯೊ’ ಎಂದರೆ ಕೇಳಿದವರು ನಿಮ್ಮನ್ನು ಕ್ಯಾನರಿ ದ್ವೀಪಗಳವರೆಂದು ತಿಳಿಯುತ್ತಾರೆ.