ತಮ್ಮನಿಗೆ ಲ್ಯಾಪ್‌ಟಾಪ್ ಹುಡುಕಿದ ಮೂರು ಶನಿವಾರ

ಹೋದ ವರ್ಷ ತಮ್ಮನಿಗೆ ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ಫೀಸು, ಹಾಸ್ಟೆಲ್ ಎಲ್ಲ ಕಟ್ಟಿದ ಮೇಲೆ ಲ್ಯಾಪ್‌ಟಾಪಿಗೆ ಅಂತ ಉಳಿದದ್ದು 30,000. ಅಪ್ಪ "ನೀನೇ ನೋಡಿ ಕೊಡಿಸಮ್ಮ" ಎಂದರು.

ನನ್ನ ಕಾಲೇಜು ದಿನಗಳ ಲ್ಯಾಪ್‌ಟಾಪ್ ಇನ್ನೂ ಮರೆತಿಲ್ಲ. ಅಂಗಡಿಯವರು ಹೇಳಿದ್ದನ್ನೇ ನಂಬಿ ತಂದ ಹೊಸ ಮಾಲು. 4 ಜಿಬಿ ರ‍್ಯಾಮ್ (ಪ್ರೋಗ್ರಾಂಗಳು ಓಡುವಾಗ ಬಳಸುವ ಮೆಮೊರಿ), ಅದೂ ಬೋರ್ಡಿಗೇ ಬೆಸುಗೆ ಹಾಕಿದ್ದು. ಮೊಬೈಲ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ತೆರೆದರೆ ಮೌಸ್ ಕೂಡ ಅಲ್ಲಾಡುತ್ತಿರಲಿಲ್ಲ. ರ‍್ಯಾಮ್ ಹಾಕಿಸೋಣ ಅಂದ್ರೆ ಜಾಗವೇ ಇಲ್ಲ. ಮೂರು ವರ್ಷ ಅದರಲ್ಲೇ ಒದ್ದಾಡಿದೆ. ಅದಕ್ಕೆ ಈ ಸಲ ನಾನು ಮೊದಲು ಕೇಳಿದ್ದು ಒಂದೇ: ಬಿಚ್ಚಿ ಬದಲಾಯಿಸಲು ಆಗುತ್ತದಾ?

ತಮ್ಮನಿಗೆ ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್ ಮೇಲೆ ಆಸೆ. ನಾನು ಬೇಡ ಅನ್ನಲಿಲ್ಲ. "ನಿನ್ನ ಕಾಲೇಜಿನ ಸೀನಿಯರ್‌ಗಳಿಗೆ ಫೋನ್ ಮಾಡಿ ಕೇಳು" ಎಂದೆ. ಅಲ್ಲಿ ಕಲಿಸುವುದು ಮೊದಲು ಸಿ, ಪೈಥಾನ್, ಆಮೇಲೆ ಜಾವಾ, ಡೇಟಾಬೇಸ್. ಇದಕ್ಕೆಲ್ಲ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಕ್ಲಾಸಿನಲ್ಲಿ ಪ್ಲಗ್ ಇರುವುದು ಗೋಡೆ ಪಕ್ಕ ಮಾತ್ರ, ಬ್ಯಾಟರಿ ಚೆನ್ನಾಗಿರಲಿ ಎಂದು ಎಲ್ಲರೂ ಹೇಳಿದರು. ಆ ಮಾತಿಗೆ ಅವನೇ ಮನಸ್ಸು ಬದಲಾಯಿಸಿದ. ಆರ್ಕಿಟೆಕ್ಚರೋ ಮೆಕ್ಯಾನಿಕಲ್ಲೋ ಆಗಿದ್ದರೆ ಲೆಕ್ಕ ಬೇರೆ. ಅಲ್ಲಿ ತ್ರೀಡಿ ಕೆಲಸ ಇರುತ್ತದೆ.

ಆ ದುಡ್ಡಿಗೆ ನಾವು ನೋಡಿದ ಹೊಸ ಲ್ಯಾಪ್‌ಟಾಪ್‌ಗಳು ಯಾವುವೂ ನನಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆವು. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಅಲ್ಲಿ ರಾಶಿ ರಾಶಿ. ನನ್ನ ಕಣ್ಣಿದ್ದದ್ದು ಲೆನೊವೊ ಥಿಂಕ್‌ಪ್ಯಾಡ್ ಟಿ480 ಮೇಲೆ. 2018ರ ಮಾಡೆಲ್. ರ‍್ಯಾಮಿಗೆ ಎರಡು ಸ್ಲಾಟ್, ಒಳಗೊಂದು ಹೊರಗೊಂದು ಬ್ಯಾಟರಿ.

ಅದರ ಅಣ್ಣ ಟಿ470 ನೋಡಲು ಹೆಚ್ಚುಕಮ್ಮಿ ಹಾಗೇ ಇದೆ, ಬೆಲೆಯೂ ಕಡಿಮೆ. ಆದರೆ ಅದರಲ್ಲಿರುವುದು 6 ಅಥವಾ 7ನೇ ಜನರೇಶನ್ (ತಲೆಮಾರಿನ) ಇಂಟೆಲ್ ಪ್ರೊಸೆಸರ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ 8ನೇ ಜನರೇಶನ್ನಾದರೂ ಬೇಕು. ಪ್ರೊಸೆಸರ್ ಹೆಸರು ಐ5-8350ಯು ಅಂತ ಇದ್ದರೆ ಆ 8 ಅಂಕಿಯೇ ಜನರೇಶನ್. ಮೊದಲ ಎರಡು ಶನಿವಾರ ನಮಗೆ ಟಿ480 ಅಂತ ಹೇಳಿ ಟಿ470 ತೋರಿಸಿದವರೂ ಇದ್ದರು. ಸ್ಟಿಕ್ಕರ್ ನಂಬದೆ, ಆನ್ ಮಾಡಿಸಿ ಸೆಟ್ಟಿಂಗ್ಸ್‌ನಲ್ಲಿ ನೋಡಿ.

ಮೂರನೇ ಶನಿವಾರ ಸಿಕ್ಕ ಅಂಗಡಿಯ ಹುಡುಗ ತಾಳ್ಮೆಯವನು. "ಅಣ್ಣಾ, ಅರ್ಧ ಗಂಟೆ ಬೇಕು" ಎಂದೆ. "ನೋಡಿ ಮೇಡಂ" ಎಂದು ಸ್ಟೂಲು ಕೊಟ್ಟ. ಆನ್ ಮಾಡುತ್ತಲೇ ಎಫ್1 ಒತ್ತಿ, ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ಸ್ ಆದ ಬಯೋಸ್‌ಗೆ ಹೋದೆ. ಅಲ್ಲಿ ಪಾಸ್‌ವರ್ಡ್ ಕೇಳಿದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಹಳೇ ಕಂಪನಿಯ ಬೀಗ ಅದು. ಆಮೇಲೆ ಸ್ಕ್ರೀನು. ಇದೇ ಮಾಡೆಲ್ಲಿನಲ್ಲಿ ಅಡ್ಡಕ್ಕೆ 1366 ಪಿಕ್ಸೆಲ್‌ನದೂ ಇದೆ, 1920ರದೂ ಇದೆ. ದಿನವಿಡೀ ಕೋಡ್ ಓದುವ ಕಣ್ಣಿಗೆ 1920ರದೇ ಬೇಕು. ನೋಟ್‌ಪ್ಯಾಡ್ ತೆರೆದು ಕೀಲಿ ಒಂದೊಂದನ್ನೂ ಒತ್ತಿಸಿದೆ. ಪೆನ್‌ಡ್ರೈವ್ ತಗೊಂಡು ಹೋಗಿದ್ದೆ, ಪ್ರತಿ ಪೋರ್ಟಿಗೂ ಚುಚ್ಚಿದೆ.

ಬ್ಯಾಟರಿಗೆ ಒಂದು ಒಳ್ಳೆಯ ಉಪಾಯ ಇದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ ಎಂದು ಟೈಪಿಸಿ, ಒಂದು ಸ್ಪೇಸ್ ಬಿಟ್ಟು, ಓರೆಗೀಟು (/) ಹಾಕಿ ಬ್ಯಾಟರಿರಿಪೋರ್ಟ್ ಎಂದು ಸೇರಿಸಿದರೆ ವಿಂಡೋಸೇ ವರದಿ ಕೊಡುತ್ತದೆ. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು, ಎರಡೂ ಇರುತ್ತದೆ. ನಮ್ಮದರಲ್ಲಿ ಒಳಗಿನದು ಮುಕ್ಕಾಲು ಭಾಗ ಉಳಿದಿತ್ತು, ಹೊರಗಿನದು ಅರ್ಧಕ್ಕಿಂತ ಕಡಿಮೆ. ಚಾರ್ಜರ್ ತೆಗೆದು, ಆನ್ ಇರುವಾಗಲೇ ಹೊರಗಿನ ಬ್ಯಾಟರಿ ಎಳೆದೆ. ಆಫ್ ಆಗಲಿಲ್ಲ. ತಮ್ಮನ ಮುಖ ಅರಳಿದ್ದು ಆಗಲೇ.

ಆ ವರದಿ ತೋರಿಸಿ ಚೌಕಾಸಿ ಮಾಡಿದೆ. 8 ಜಿಬಿ ರ‍್ಯಾಮ್ ಸಮೇತ 21,500ಕ್ಕೆ ಕೊಟ್ಟರು. ಬಿಲ್ಲಿನಲ್ಲಿ ಸೀರಿಯಲ್ ನಂಬರ್, ಮೂರು ತಿಂಗಳ ಗ್ಯಾರಂಟಿ ಎರಡನ್ನೂ ಬರೆಸಿಕೊಂಡೆ. ಉಳಿದ ದುಡ್ಡಿನಲ್ಲಿ ಇನ್ನೊಂದು 8 ಜಿಬಿ, ಹೊಸ ಹೊರಬ್ಯಾಟರಿ, ಬೆನ್ನಿಗೆ ಹಾಕುವ ಒಂದು ಗಟ್ಟಿ ಬ್ಯಾಗು.

ಮೊನ್ನೆ ಊರಿಗೆ ಬಂದಿದ್ದಾಗ ತಮ್ಮ ಜಗಲಿಯಲ್ಲಿ ಕೂತು ಹಿಂದಿನ ಮುಚ್ಚಳ ತಾನೇ ಬಿಚ್ಚಿ, ಬ್ರಷ್ಷಿನಲ್ಲಿ ಫ್ಯಾನಿನ ಧೂಳು ತೆಗೆಯುತ್ತಿದ್ದ. ಅಪ್ಪ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಹಿಡಿದಿದ್ದರು.