ಗೊರಗುಡುವ ಕೋಳಿ: ಔಷಧಿಗೆ ಮೊದಲು ನಾನು ನೋಡುವುದೇನು

ಹಿತ್ತಲಲ್ಲಿ ಮೇಯುವ ಕೋಳಿ ತನ್ನ ಕಾಯಿಲೆಯನ್ನು ಹಗಲಲ್ಲಿ ತೋರಿಸಿಕೊಳ್ಳುವುದಿಲ್ಲ. ಉಳಿದವುಗಳ ಜೊತೆ ಕೆದರುತ್ತಾ, ಓಡಾಡುತ್ತಾ ಇರುತ್ತದೆ. ಅದಕ್ಕೇ ಮಳೆಗಾಲದಲ್ಲಿ ಮತ್ತು ದೀಪಾವಳಿ ಕಳೆದ ಮೇಲಿನ ಮಂಜಿನ ದಿನಗಳಲ್ಲಿ, ಕೋಳಿಗಳು ಗೂಡು ಸೇರಿ ಅರ್ಧ ಗಂಟೆ ಆದ ಮೇಲೆ ಟಾರ್ಚ್ ಹಾಕದೆ ಗೂಡಿನ ಪಕ್ಕ ಎರಡು ನಿಮಿಷ ನಿಂತು ಕೇಳುತ್ತೇನೆ. ಚೆನ್ನಾಗಿರುವ ಗೂಡಿನಲ್ಲಿ ರೆಕ್ಕೆ ಸರಿಸುವ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. ಗೊರ ಗೊರ ಸದ್ದೋ ಸಣ್ಣ ಸೀನೋ ಕೇಳಿದರೆ ಆಗ ಟಾರ್ಚ್ ಹಿಡಿದು ಆ ಕೋಳಿಯನ್ನು ಹೊರಗೆ ತೆಗೆಯುತ್ತೇನೆ.

ತೆಗೆದ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ರೆಕ್ಕೆಗಳ ನಡುವೆ ಬೆನ್ನಿಗೆ ಕಿವಿ ಕೊಟ್ಟರೆ ಗೊರಕೆ ಎಷ್ಟು ಆಳದಿಂದ ಬರುತ್ತಿದೆ ಎಂದು ತಿಳಿಯುತ್ತದೆ. ಮೂಗಿನ ಹೊಳ್ಳೆಗಳ ಹಿಂಬದಿಯನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಒಳಗಿರುವ ಸಿಂಬಳ ಹನಿಯಾಗಿ ಹೊರಬರುತ್ತದೆ. ಆ ಹನಿಯನ್ನು ಮೂಸಿ ನೋಡುವುದು ಮುಖ್ಯ. ಆಮೇಲೆ ಕಣ್ಣಿನ ಮೂಲೆ, ಬಾಯೊಳಗೆ ನಾಲಿಗೆಯ ಬುಡ, ಕೊನೆಗೆ ಹಿಕ್ಕೆಯ ಬಣ್ಣ. ಅಂಗಡಿಗೆ ಹೋಗಿ 'ಕೋಳಿಗೆ ಶೀತಕ್ಕೆ ಏನಾದರೂ ಕೊಡಿ' ಎನ್ನುವ ಮೊದಲು ಇಷ್ಟು ನೋಡದಿದ್ದರೆ ದುಡ್ಡೂ ಹೋಗುತ್ತದೆ, ಕೋಳಿಯೂ ಹೋಗುತ್ತದೆ.

ಕಣ್ಣಿನ ಮೂಲೆಯಲ್ಲಿ ಸಣ್ಣ ನೊರೆಗುಳ್ಳೆ, ತಿಳಿ ಸಿಂಬಳ, ರಾತ್ರಿ ಗೊರಕೆ, ಮೇವು ತಿನ್ನುತ್ತಿದ್ದರೂ ದಿನದಿಂದ ದಿನಕ್ಕೆ ಎದೆಮೂಳೆ ಚೂಪಾಗುವುದು, ಇಷ್ಟು ಕಂಡರೆ ಅದು ಹೆಚ್ಚಾಗಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಸಿಆರ್‌ಡಿ, ಅಂದರೆ ದೀರ್ಘಕಾಲ ಕಾಡುವ ಉಸಿರಾಟದ ಕಾಯಿಲೆ. ನಿಧಾನದ ಕಾಯಿಲೆ, ವಾರಗಟ್ಟಲೆ ಎಳೆಯುತ್ತದೆ. ಮುಖದ ಒಂದು ಬದಿಯೋ ಎರಡೂ ಬದಿಯೋ ಊದಿಕೊಂಡು, ಕಣ್ಣು ಮುಚ್ಚಿ, ಸಿಂಬಳ ಕೊಳೆತ ವಾಸನೆ ಹೊಡೆದರೆ ಅದು ಕೊರೈಜಾ, ಕೋಳಿಗಳ ಅಂಟುಶೀತ. ಇದು ಒಂದರಿಂದ ಮೂರು ದಿನದೊಳಗೆ ಒಂದು ಕೋಳಿಯಿಂದ ಇನ್ನೊಂದಕ್ಕೆ ದಾಟುತ್ತದೆ. ನಾಲಿಗೆಯ ಬುಡದಲ್ಲಿ ಕೆನೆಯಂಥ ಹಳದಿ ಪೊರೆ ಅಂಟಿಕೊಂಡಿದ್ದು, ಕಿತ್ತರೆ ರಕ್ತ ಬರುವಂತಿದ್ದರೆ ಅದು ಬಾಯಿಯೊಳಗಿನ ಸಿಡುಬು. ಆ ಪೊರೆಯನ್ನು ಎಳೆಯಬಾರದು. ಮರಿಗಳು ಸದ್ದೇ ಇಲ್ಲದೆ ಬಾಯಿ ತೆರೆದು ಉಸಿರಿಗೆ ಕಷ್ಟಪಡುತ್ತಿದ್ದರೆ ಗೂಡಿನ ನೆಲಕ್ಕೆ ಹಾಸಿದ ಹೊಟ್ಟನ್ನು ಕೈಯಲ್ಲಿ ಹಿಡಿದು ಮೂಸುತ್ತೇನೆ. ಬೂಷ್ಟು ಹಿಡಿದ ಭತ್ತದ ಹೊಟ್ಟಿನಿಂದ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿದಿರುತ್ತದೆ, ಯಾವ ಆಂಟಿಬಯಾಟಿಕ್ಕೂ ಅದಕ್ಕೆ ನಾಟುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಬಾಯಿ ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಡುವುದು ಮಾತ್ರ ಕಾಯಿಲೆಯಲ್ಲ. ಸಂಜೆ ತಂಪಾದಾಗ ತಾನೇ ನಿಂತರೆ ಅದು ಬರೀ ಸೆಕೆ.

ಎಲ್ಲಕ್ಕಿಂತ ಮೊದಲು ತಳ್ಳಿಹಾಕಬೇಕಾದದ್ದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಉತ್ತರಾಖಂಡದ ಕುಮಾಉಂ ಬೆಟ್ಟದ ರಾಣಿಖೇತಿನಲ್ಲಿ 1927ರಲ್ಲಿ ಗುರುತಿಸಿದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು. ಉಸಿರಿನ ತೊಂದರೆಯ ಜೊತೆಗೆ ಹಸಿರು ನೀರಿನಂಥ ಹಿಕ್ಕೆ, ಜೋಲು ರೆಕ್ಕೆ, ತಿರುಚಿದ ಕತ್ತು, ಮೂರ್ನಾಲ್ಕು ದಿನದಲ್ಲಿ ಒಂದರ ಹಿಂದೆ ಒಂದು ಸಾವು. ಇದಕ್ಕೆ ಔಷಧಿ ಇಲ್ಲ. ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ, ಜುಟ್ಟು ಮತ್ತು ಕಾಲು ನೀಲಿಗಟ್ಟಿದ್ದರೆ, ಹಕ್ಕಿಜ್ವರವೂ ಇರಬಹುದು ಎಂದುಕೊಂಡೇ ನಡೆಯಬೇಕು. 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಅದು ಬಂದದ್ದಿದೆ. ಸತ್ತ ಕೋಳಿಯನ್ನು ಕೊಯ್ದು ನೋಡಬಾರದು, ಬರಿಗೈಯಲ್ಲಿ ಮುಟ್ಟಬಾರದು, ಸಾಂಬಾರಿಗಂತೂ ಹಾಕಲೇಬಾರದು. ತಾಲ್ಲೂಕು ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಉಳಿದ ಕೋಳಿಗಳನ್ನು ಹೊರಗೆ ಬಿಡದೆ ಇಡಬೇಕು.

ಸಿಆರ್‌ಡಿಯೋ ಕೊರೈಜಾವೋ ಅನ್ನಿಸಿದರೆ ಅದೇ ರಾತ್ರಿ ಬೇರ್ಪಡಿಸುತ್ತೇನೆ. ಟೊಮೆಟೊ ಕ್ರೇಟಿಗೆ ಗೋಣಿಚೀಲವನ್ನು ಮೂರು ಬದಿ ಮಾತ್ರ ಸುತ್ತಿ, ಒಂದು ಬದಿ ಗಾಳಿಗೆ ಬಿಟ್ಟು, ಕೆಳಗೆ ದಿನಪತ್ರಿಕೆ ಹಾಸಿದರೆ ಸಾಕು. ಪತ್ರಿಕೆ ಹಾಸುವುದು ಹಿಕ್ಕೆಯ ಬಣ್ಣ ಕಾಣಲಿ ಎಂದು. ಆ ಕ್ರೇಟು ಗೂಡಿನಿಂದ ಆದಷ್ಟು ದೂರ, ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ ಇರಬೇಕು. ಮೊದಲು ಚೆನ್ನಾಗಿರುವ ಕೋಳಿಗಳಿಗೆ ಮೇವು ನೀರು, ಆಮೇಲೆ ಕಾಯಿಲೆಯವಕ್ಕೆ. ಈ ಕ್ರಮ ತಪ್ಪಿದರೆ ಚಪ್ಪಲಿ, ಕೈ, ನೀರಿನ ಬಟ್ಟಲಿನ ಮೂಲಕ ನಾವೇ ರೋಗ ಹೊತ್ತು ಹಾಕುತ್ತೇವೆ.

ಔಷಧಿಯ ವಿಷಯದಲ್ಲಿ ಪಶುವೈದ್ಯರ ಚೀಟಿ ಬೇಕೇ ಬೇಕು. ಆದರೂ ಸಾಕುವವನಿಗೆ ಲೆಕ್ಕ ಗೊತ್ತಿರಬೇಕು. ಮೈಕೋಪ್ಲಾಸ್ಮಾಕ್ಕೆ ಕೋಶದ ಗೋಡೆಯೇ ಇಲ್ಲ. ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಕೆಲಸ ಮಾಡುವುದು ಆ ಗೋಡೆಯ ಮೇಲೆ. ಹಾಗಾಗಿ ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ಹಾಕಿದರೆ ಸಿಆರ್‌ಡಿಗೆ ಏನೂ ಆಗುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಬರೆಯುವುದು ಟೈಲೋಸಿನ್ ಅಥವಾ ಡಾಕ್ಸಿಸೈಕ್ಲಿನ್. ಟೈಲೋಸಿನ್ ಆದರೆ ಶುದ್ಧ ಔಷಧಿಯ ಲೆಕ್ಕದಲ್ಲಿ ಲೀಟರ್ ನೀರಿಗೆ ಅರ್ಧ ಗ್ರಾಂ, 3ರಿಂದ 5 ದಿನ. ಪೊಟ್ಟಣದ ಪುಡಿಯಲ್ಲಿ ಎಷ್ಟು ಭಾಗ ಔಷಧಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಲೇಬಲ್ ಓದಿಯೇ ಅಳೆಯಬೇಕು. ದೊಡ್ಡ ಕೋಳಿ ದಿನಕ್ಕೆ ಸುಮಾರು 200ರಿಂದ 250 ಮಿಲಿ ನೀರು ಕುಡಿಯುತ್ತದೆ. ಹತ್ತು ಕೋಳಿಗೆ ಎರಡೂವರೆ ಲೀಟರ್ ಎಂದಿಟ್ಟುಕೊಂಡು ಬೆಳಿಗ್ಗೆ ಅರ್ಧ, ಮಧ್ಯಾಹ್ನ ಅರ್ಧ ಹೊಸದಾಗಿ ಕಲಸುತ್ತೇನೆ.

ಹಿತ್ತಲಲ್ಲಿ ಔಷಧಿ ಸೋಲುವುದು ಇಲ್ಲೇ. ಕೋಳಿಯನ್ನು ಎಂದಿನಂತೆ ಬಿಟ್ಟರೆ ಅದು ಬಚ್ಚಲ ನೀರು, ತೆಂಗಿನ ಬುಡದ ನೀರು ಕುಡಿದು ಬರುತ್ತದೆ, ಔಷಧಿ ನೀರು ಹಾಗೇ ಉಳಿಯುತ್ತದೆ. ಆ ಐದು ದಿನ ಕೂಡಿಹಾಕಿ, ಔಷಧಿ ನೀರು ಬಿಟ್ಟು ಬೇರೆ ನೀರು ಸಿಗದಂತೆ ಮಾಡಬೇಕು. ಡಾಕ್ಸಿಸೈಕ್ಲಿನ್ ಕೊಡುವಾಗ ಕಪ್ಪೆಚಿಪ್ಪಿನ ಪುಡಿ, ಸುಣ್ಣಕಲ್ಲು ತೆಗೆದಿಡುತ್ತೇನೆ, ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟು ಮೈಗೆ ಹತ್ತದಂತೆ ಮಾಡುತ್ತದೆ. ಎರಡನೇ ದಿನ ಗೊರಕೆ ನಿಂತಿತು ಎಂದು ಔಷಧಿ ನಿಲ್ಲಿಸಿದರೆ ಹತ್ತು ದಿನದಲ್ಲಿ ಮತ್ತೆ ಬರುತ್ತದೆ. ಔಷಧಿ ನಡೆಯುವಾಗಲೂ, ಆಮೇಲೆ ವೈದ್ಯರು ಹೇಳಿದಷ್ಟು ದಿನವೂ ಮೊಟ್ಟೆ ತಿನ್ನುವಂತಿಲ್ಲ, ಮಾರುವಂತಿಲ್ಲ.

ನೀರೇ ಕುಡಿಯದೆ ಕೂತ ಕೋಳಿಯ ಬಾಯಿಗೆ ಬೆಳ್ಳುಳ್ಳಿ ರಸ, ಎಣ್ಣೆ, ತುಳಸಿ ಕಷಾಯ ಸುರಿಯುವುದು ನಮ್ಮ ಊರುಗಳಲ್ಲಿ ವಾಡಿಕೆ. ಕೋಳಿಯ ಉಸಿರುನಾಳದ ಬಾಯಿ ನಾಲಿಗೆಯ ಹಿಂದೆಯೇ, ಒಂದು ಸೀಳಿನಂತೆ ತೆರೆದು ಮುಚ್ಚುತ್ತಿರುತ್ತದೆ. ಏದುಸಿರಿನಲ್ಲಿ ಅದು ತೆರೆದೇ ಇರುತ್ತದೆ. ಸುರಿದದ್ದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ, ಕಾಯಿಲೆಗಿಂತ ಮೊದಲು ಅದೇ ಕೊಲ್ಲುತ್ತದೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ತಾಗಿಸಿ, ಅದು ನುಂಗಿದ ಮೇಲೆ ಇನ್ನೊಂದು ಹನಿ. ಬೆಳ್ಳುಳ್ಳಿ, ಅರಿಶಿನ ಕೊಡಬೇಕೆನಿಸಿದರೆ ರಾಗಿ ಮುದ್ದೆಯಲ್ಲಿ ಕಲಸಿ ಕಾಳಿನಷ್ಟು ಉಂಡೆ ಮಾಡಿ ಇಡಬಹುದು. ಸೊಳ್ಳೆಗೆಂದು ಗೂಡಿಗೆ ಸಾಂಬ್ರಾಣಿ ಹೊಗೆ ಹಾಕುವವರು ಆ ದಿನಗಳಲ್ಲಾದರೂ ನಿಲ್ಲಿಸಬೇಕು.

ಮುಚ್ಚಿಹೋದ ಕಣ್ಣಿಗೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸಣ್ಣ ಚಮಚದಲ್ಲಿ ಒಂದೂವರೆ. ಬೆಚ್ಚಗಿರುವಾಗ ಹತ್ತಿ ಅದ್ದಿ ಎರಡು ನಿಮಿಷ ಇಟ್ಟರೆ ಅಂಟು ಬಿಡುತ್ತದೆ. ದಿನಕ್ಕೆರಡು ಸಲ, ಒಂದು ಕಣ್ಣಿಗೆ ಒಂದೇ ಹತ್ತಿ. ಒಳಗೆ ಗಟ್ಟಿ ಕೀವು ಕೂತಿದ್ದರೆ ವೈದ್ಯರೇ ತೆಗೆಯಲಿ. ಮನೆಯಲ್ಲಿರುವ ಕ್ಲೋರಾಂಫೆನಿಕಾಲ್ ಮುಲಾಮು ಬೇಡ, ಮೊಟ್ಟೆ ಮಾಂಸಕ್ಕೆ ಸಾಕುವ ಕೋಳಿಗೆ ಅದನ್ನು ಬಳಸುವಂತಿಲ್ಲ.

ಇನ್ನು ಗೂಡು. ಚಳಿಗೆಂದು ನಾಲ್ಕೂ ಕಡೆ ಟಾರ್ಪಾಲಿನ್ ಬಿಗಿಯುವುದೇ ಅರ್ಧ ಕಾಯಿಲೆಗೆ ಕಾರಣ. ಒಳಗೆ ಉಸಿರಿನ ತೇವ, ಹಿಕ್ಕೆಯ ಅಮೋನಿಯಾ ಎರಡೂ ನಿಲ್ಲುತ್ತವೆ. ಅಮೋನಿಯಾ ಉಸಿರುನಾಳದ ಒಳಪದರವನ್ನು ಸುಟ್ಟು ರೋಗಾಣುವಿಗೆ ದಾರಿ ಮಾಡಿಕೊಡುತ್ತದೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಕುಕ್ಕರಗಾಲಲ್ಲಿ ಕೂತು ಕೋಳಿಯ ಎತ್ತರಕ್ಕೆ ಮೂಗು ತಂದು ನೋಡಬೇಕು. ಕಣ್ಣು ಉರಿದರೆ ಅಂದೇ ಹೊಟ್ಟು ಬದಲಾಯಿಸಬೇಕು. ಟಾರ್ಪಾಲಿನ್ ಕೋಳಿ ಕೂರುವ ಅಟ್ಟದ ಎತ್ತರದವರೆಗೆ ಸಾಕು, ಅದರ ಮೇಲೆ ಮಾಡಿನ ಕೆಳಗೆ ಅರ್ಧ ಅಡಿ ಜಾಲರಿ ತೆರೆದೇ ಇರಬೇಕು.

ರಾಣಿಖೇತಿಗೆ ಲಸೋಟಾ, ಆರ್2ಬಿ ಎಂಬ ಎರಡು ಲಸಿಕೆಗಳಿವೆ; ಮರಿಗೆ 7ನೇ ದಿನ ಲಸೋಟಾ, ಕಣ್ಣಿಗೋ ಮೂಗಿಗೋ ಒಂದು ಹನಿ, 28ನೇ ದಿನ ಇನ್ನೊಮ್ಮೆ, 8 ವಾರಕ್ಕೆ ಆರ್2ಬಿ ಅರ್ಧ ಮಿಲಿ ಚುಚ್ಚುಮದ್ದು ಎಂದು ಇಟ್ಟುಕೊಂಡಿದ್ದೇನೆ. ಆರ್2ಬಿ ಇದಕ್ಕಿಂತ ಎಳೆಯ ಮರಿಗೆ ಕೊಟ್ಟರೆ ಅದೇ ಕಾಯಿಲೆಯಾಗುತ್ತದೆ. ಲಸಿಕೆ ಥರ್ಮಾಸಿನಲ್ಲಿ ಐಸ್ ಜೊತೆ ಬರಬೇಕು, ಕಲಸಿದ ಎರಡು ಗಂಟೆಯೊಳಗೆ ಮುಗಿಯಬೇಕು. ಹನಿ ಹಾಕಿದ ಮೇಲೆ ಮರಿ ಅದನ್ನು ಒಳಗೆಳೆದುಕೊಳ್ಳುವವರೆಗೆ ಕೈಯಿಂದ ಬಿಡಬಾರದು. ಒಂದು ಸೀಸೆಯಲ್ಲಿ ಕಡಿಮೆ ಎಂದರೂ ನೂರು ಡೋಸ್ ಇರುವುದರಿಂದ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸುವುದು ಒಳ್ಳೆಯದು. ಗೊರಗುಡುತ್ತಿರುವ ಹಿಂಡಿಗೆ ಮಾತ್ರ ಲಸೋಟಾ ಬೇಡ, ಒಳಗಿರುವ ಸಿಆರ್‌ಡಿ ಕೆರಳುತ್ತದೆ.

ಸಿಆರ್‌ಡಿ, ಕೊರೈಜಾ ಎರಡರಲ್ಲೂ ವಾಸಿಯಾದ ಕೋಳಿ ರೋಗಾಣುವನ್ನು ಒಳಗೇ ಇಟ್ಟುಕೊಂಡಿರುತ್ತದೆ. ಸಿಆರ್‌ಡಿ ಮೊಟ್ಟೆಯ ಮೂಲಕ ಮರಿಗೂ ಇಳಿಯುತ್ತದೆ. ಹಾಗಾಗಿ ಅಂಥ ಹ್ಯಾಟೆಯ ಮೊಟ್ಟೆಯನ್ನು ಕಾವಿಗೆ ಇಡುವುದಿಲ್ಲ, ಆ ಕೋಳಿಯನ್ನು ಸಂತೆಗೂ ಒಯ್ಯುವುದಿಲ್ಲ, ನೆಂಟರಿಗೆ ಸಾಕಲು ಕೊಡುವುದೂ ಇಲ್ಲ. ಔಷಧಿಯ ಗಡುವು ಮುಗಿದ ಮೇಲೆ ಅದು ಅಡಿಗೆಗೆ. ಸಂತೆಯಿಂದ ಹೊಸದಾಗಿ ತಂದ ಕೋಳಿ ಮೂರರಿಂದ ನಾಲ್ಕು ವಾರ ಬೇರೆ ಗೂಡಿನಲ್ಲಿ ಇರುತ್ತದೆ, ರಾತ್ರಿ ಅದರ ಪಕ್ಕದಲ್ಲೂ ನಿಂತು ಕೇಳುತ್ತೇನೆ. ಗೂಡು ಪೂರ್ತಿ ಖಾಲಿಯಾದರೆ ಮೊದಲು ಸೋಪಿನ ನೀರಿನಲ್ಲಿ ಹಿಕ್ಕೆ ಉಜ್ಜಿ ತೊಳೆದು, ಒಣಗಿದ ಮೇಲೆ ಲೀಟರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಹೊಡೆಯಬೇಕು. ಹಿಕ್ಕೆಯ ಮೇಲೇ ಹೊಡೆದರೆ ಕ್ಲೋರಿನ್ ಅಲ್ಲೇ ಸತ್ತುಹೋಗುತ್ತದೆ. ಆಮೇಲೆ ಬಾಗಿಲು ತೆರೆದಿಟ್ಟು ಬಿಸಿಲು ಬೀಳುವಂತೆ ಕನಿಷ್ಠ ಮೂರು ವಾರ ಖಾಲಿ ಬಿಟ್ಟು ಹೊಸ ಮರಿ ತರುತ್ತೇನೆ.