ಕಾರ್ಸಿಕಾನಾದ 51 ರನ್, ಮತ್ತೆ ಯಾರೂ ಕೇಳದ ಉಳಿದ ಪಂದ್ಯಗಳು

"ಐವತ್ತೊಂದು ರನ್ನಿಗೆ ಇಷ್ಟು ಗಲಾಟೆನಾ? ನಮ್ಮ ಬೀದಿ ಹುಡುಗ್ರು ಐದು ಓವರಲ್ಲಿ ಹೊಡೀತಾರೆ" ಅಂದರು ಅಪ್ಪ, ಬಂಗಾರಪೇಟೆಯಿಂದ ಫೋನಿನಲ್ಲಿ. ಬೇಸ್‌ಬಾಲ್‌ನಲ್ಲಿ ಒಂದು ತಂಡ ನಾಲ್ಕೈದು ರನ್ ಮಾಡಿದರೆ ಅದೇ ಒಳ್ಳೇ ದಿನ ಅಂತ ಒಪ್ಪಿಸುವಷ್ಟರಲ್ಲಿ ನನ್ನ ಟೀ ಆರಿಹೋಗಿತ್ತು.

ನಾನಿರುವುದು ಡಲ್ಲಾಸ್ ಪಕ್ಕ. ಅಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದು ಗಂಟೆ ದಾರಿಯ ಊರು ಕಾರ್ಸಿಕಾನಾ. 1894ರಲ್ಲಿ ಊರಿನವರು ಕುಡಿಯುವ ನೀರಿಗೆ ಬಾವಿ ಕೊರೆಸಿದರೆ ಎಣ್ಣೆ ಬಂತು. ಎಣ್ಣೆ ಹಿಂದೆ ದುಡ್ಡು, ದುಡ್ಡಿನ ಹಿಂದೆ ಬೇಸ್‌ಬಾಲ್ ತಂಡ. ಟೆಕ್ಸಾಸ್ ಲೀಗಿನಲ್ಲಿ ಆ ತಂಡ ಇದ್ದದ್ದು 1902ರಿಂದ 1905ರವರೆಗೆ ಮಾತ್ರ. ನನ್ನ ತಾತ ಕೆಜಿಎಫ್ ಗಣಿಯಲ್ಲಿದ್ದವರು. ನೆಲದಡಿಯ ಸಿರಿಯಿಂದ ಎದ್ದ ಊರು ಅಂದರೆ ನನಗೆ ಅದಕ್ಕೇ ಸ್ವಲ್ಪ ಸೆಳೆತ. ಶಿವನಸಮುದ್ರದ ಕರೆಂಟು ಕೆಜಿಎಫ್‌ಗೆ ಬಂದದ್ದು 1902ರ ಜೂನ್ 30ಕ್ಕೆ. ಅದಕ್ಕೆ ಹದಿನೈದು ದಿನ ಮುಂಚೆ, ಜೂನ್ 15ರ ಭಾನುವಾರ, ಕಾರ್ಸಿಕಾನಾ ತಂಡ ಟೆಕ್ಸಾರ್ಕಾನಾವನ್ನು 51–3ರಿಂದ ಹೊಡೆದುಹಾಕಿತು.

ಈ ತಂಡದ ಬಗ್ಗೆ ಯಾರನ್ನು ಕೇಳಿ, ಆ ಒಂದೇ ಪಂದ್ಯ ಹೇಳುತ್ತಾರೆ. ಕಾರ್ಸಿಕಾನಾದಲ್ಲಿ ಭಾನುವಾರ ಆಟಕ್ಕೆ ನಿಷೇಧವಿತ್ತು. ಹಾಗಾಗಿ ಪಂದ್ಯ ಉತ್ತರಕ್ಕೆ ಎನ್ನಿಸ್ ಊರಿಗೆ ಹೋಯಿತು. ಅಲ್ಲಿಯ ಮೈದಾನದ ಬಲಗಡೆ ಬೇಲಿ ತೀರಾ ಹತ್ತಿರ. ಎಡಗೈ ಬ್ಯಾಟರ್ ಜೇ ಜಸ್ಟಿನ್ ಕ್ಲಾರ್ಕ್, ಕೆನಡಾದ ಹತ್ತೊಂಬತ್ತರ ಹುಡುಗ, ಎಂಟು ಸಲ ಚೆಂಡನ್ನು ಬೇಲಿಯಾಚೆ ಕಳಿಸಿದ. (ದಾಖಲೆಗಳಲ್ಲಿ ಅವನಿಗೊಂದು ಅಡ್ಡಹೆಸರಿದೆ. ಮೈಬಣ್ಣ ಹಿಡಿದು ಕರೆಯುವಂಥದ್ದು, ನಾನು ಬರೆಯುವುದಿಲ್ಲ.) ಎದುರಾಳಿ ಪಿಚರ್ (ಚೆಂಡೆಸೆಯುವವನು, ನಮ್ಮ ಬೌಲರ್ ಇದ್ದಂತೆ) ಡಿವಿಟ್‌ನನ್ನು ಕೊನೆಯವರೆಗೂ ಬದಲಿಸಲೇ ಇಲ್ಲ. ಟೆಕ್ಸಾರ್ಕಾನಾ ತಂಡದ ಯಜಮಾನನ ಮಗ ಅವನು, ಅದಕ್ಕೇ ಬದಲಿಸಲಿಲ್ಲ ಅನ್ನುವ ಕತೆಯೂ ಇದೆ. ಸ್ಕೋರು ತಂತಿಯಲ್ಲಿ ಹೋದಾಗ ಆಚೆಯವರು 51 ಅಂದರೆ ತಪ್ಪಿರಬೇಕು ಅಂತ 5–3 ಮಾಡಿಕೊಂಡರಂತೆ. ಬೇಲಿ 210 ಅಡಿ ಅಂತ ಒಬ್ಬರು, 140 ಅಂತ ಇನ್ನೊಬ್ಬರು. ಹೋದಹಾಗೆಲ್ಲ ಬೇಲಿ ಹತ್ತಿರ ಬರುತ್ತಲೇ ಇದೆ!

ನನಗೆ ಬೇಕಾಗಿದ್ದದ್ದು ಉಳಿದ ಪಂದ್ಯಗಳು. ಅದೇ ಬೇಸಿಗೆ ಈ ತಂಡ ಸಾಲಾಗಿ 27 ಪಂದ್ಯ ಗೆದ್ದಿತ್ತು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಅದನ್ನು ಮೀರಿಸಲು 1987ರವರೆಗೆ ಕಾಯಬೇಕಾಯಿತು, ಸಾಲ್ಟ್ ಲೇಕ್ ಟ್ರ್ಯಾಪರ್ಸ್ ತಂಡ ಸಾಲಾಗಿ 29 ಗೆಲ್ಲುವವರೆಗೆ. ನನ್ನ ಕಣ್ಣಿಗೆ ಎಂಟು ಹೋಮ್ ರನ್ನಿಗಿಂತ ಇದೇ ದೊಡ್ಡದು. ಇದಕ್ಕೆ ಹತ್ತಿರದ ಬೇಲಿಯ ನೆಪವಿಲ್ಲ.

ಹಾಗಾಗಿ ಎಕ್ಸೆಲ್‌ನಲ್ಲಿ ಪಂದ್ಯಕ್ಕೊಂದು ಸಾಲು ಹಾಕಿದೆ. ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯದ ಟೆಕ್ಸಾಸ್ ಹಿಸ್ಟರಿ ಪೋರ್ಟಲ್‌ನಲ್ಲಿ ಹಳೇ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಪತ್ರಿಕೆಗಳಲ್ಲಿ ತಂಡದ ಹೆಸರು 'ಆಯಿಲ್ ಸಿಟಿ'. ಹುಡುಕಿದರೆ ಎಣ್ಣೆ ಕಂಪನಿ ಸುದ್ದಿ, ದೀಪದೆಣ್ಣೆ ಜಾಹೀರಾತು, ಎಲ್ಲ ಬಂದು ಬೀಳುತ್ತೆ. ಮಾಸಿದ ಅಚ್ಚನ್ನು ಕಂಪ್ಯೂಟರ್ ಓದುವಾಗ 'ಕಾರ್ಸಿಕಾನಾ' ಎರಡು ತುಂಡಾಗಿ ಕೂತಿರುತ್ತೆ. ಎರಡು ವಾರ ಹೀಗೆ ಕಳೆದ ಮೇಲೆ ಹುಡುಕೋದೇ ಬಿಟ್ಟೆ. ತಾರೀಖು ಹಿಡಿದು, ದಿನಕ್ಕೊಂದರಂತೆ ಕ್ರೀಡಾಪುಟವನ್ನು ಕಣ್ಣಲ್ಲೇ ಓದಿದೆ. ನಿಧಾನ, ಆದರೆ ಬೇರೆ ದಾರಿಯಿಲ್ಲ. ಫಿಲಡೆಲ್ಫಿಯಾದ ವಾರಪತ್ರಿಕೆ ಸ್ಪೋರ್ಟಿಂಗ್ ಲೈಫ್ ಎಲ್‌ಎ84 ಫೌಂಡೇಶನ್‌ನ ಸಂಗ್ರಹದಲ್ಲಿದೆ. ಆಟಗಾರರು ತಂಡ ಬಿಟ್ಟು ತಂಡ ಸೇರಿದ ಸುದ್ದಿಗೆ ಅದು ಬೇಕೇಬೇಕು, ಯಾಕೆಂದರೆ ಸ್ಕೋರ್ ಪಟ್ಟಿಯಲ್ಲಿ ಬರೀ ಮನೆತನದ ಹೆಸರಿರುತ್ತೆ.

ಒಂದು ಸ್ಕೋರ್ ಪಟ್ಟಿ ನನ್ನ ಒಂದು ವಾರ ತಿಂದಿತು. ಅದರಲ್ಲಿ 'ಪುಟ್‌ಔಟ್' ಅಂತ ಒಂದು ಕಾಲಂ ಇರುತ್ತೆ: ಯಾವ ಫೀಲ್ಡರ್ ಎಷ್ಟು ಜನರನ್ನು ಔಟ್ ಮಾಡಿದ ಅನ್ನುವ ಲೆಕ್ಕ. ಒಂಬತ್ತು ಇನಿಂಗ್ಸಿಗೆ ತಲಾ ಮೂರರಂತೆ 27 ಆಗಬೇಕು. ನನ್ನದು 26. ಅಚ್ಚಿನ ತಪ್ಪು ಅಂತ ಷರಾ ಬರೆದು, ಶಾರ್ಟ್‌ಸ್ಟಾಪ್ ಅನ್ನುವ ಫೀಲ್ಡರ್‌ನ 2 ಅನ್ನು ನಾನೇ 3 ಮಾಡಿಬಿಟ್ಟೆ. ಆಮೇಲೊಂದು ರಾತ್ರಿ ಪುಟವನ್ನು ದೊಡ್ಡದು ಮಾಡಿ ನೋಡಿದರೆ, ಪಟ್ಟಿಯ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರ: ಗೆಲುವಿನ ರನ್ ಬಂದಾಗ ಇಬ್ಬರು ಔಟಾಗಿದ್ದರು. ಆತಿಥೇಯ ತಂಡ ಕೊನೇ ಇನಿಂಗ್ಸಿನಲ್ಲಿ ಗೆದ್ದ ಕ್ಷಣವೇ ಆಟ ನಿಲ್ಲುತ್ತೆ, ಮೂರನೇ ಔಟ್ ಇರುವುದೇ ಇಲ್ಲ. 26 ಸರಿಯೇ ಇತ್ತು, ತಪ್ಪು ಮಾಡಿದ್ದು ನಾನು. ಅಷ್ಟರೊಳಗೆ ಇನ್ನೆಷ್ಟು ಪಟ್ಟಿ 'ತಿದ್ದಿದ್ದೆ'ನೋ ಅಂತ ಭಯವಾಗಿ ಎಲ್ಲವನ್ನೂ ಮೊದಲಿಂದ ಟೈಪ್ ಮಾಡಿದೆ. ತಂತಿ ಆಫೀಸಿನವರ 5–3 ಕತೆಗೆ ನಕ್ಕಿದ್ದ ನಾನು ಮಾಡಿದ್ದೂ ಅದನ್ನೇ. ಈಗ ಪತ್ರಿಕೆಯಲ್ಲಿ ಇದ್ದದ್ದಕ್ಕೆ ಒಂದು ಕಾಲಂ, ನನ್ನ ಅನುಮಾನಕ್ಕೆ ಇನ್ನೊಂದು.

ಆಟಗಾರರ ಊರು-ಕೇರಿ ಹುಡುಕಲು ಜನಗಣತಿ ಹಾಳೆಗಳಿವೆ. ಆದರೆ 1890ರ ಗಣತಿಯ ಹಾಳೆಗಳಲ್ಲಿ ಹೆಚ್ಚಿನವು 1921ರ ಬೆಂಕಿಯಲ್ಲಿ ಹಾಳಾದವು. 1880ರಲ್ಲಿ ಇನ್ನೂ ಹುಟ್ಟಿರದ ಹುಡುಗ 1900ರಲ್ಲಿ ಯಾವುದೋ ಬಾಡಿಗೆ ರೂಮಿನಲ್ಲಿ ಸಿಗುತ್ತಾನೆ, ಅಷ್ಟೇ. ಕಾರ್ಸಿಕಾನಾ ತಂಡದ ಯಜಮಾನ ಡೋಕ್ ರಾಬರ್ಟ್ಸ್‌ನನ್ನು ಹಿಡಿಯುವುದು ಸುಲಭವಾಯಿತು. ಮುಂದೆ ಅವನು ಲೀಗಿನ ಅಧ್ಯಕ್ಷನೇ ಆದ.

ಮೊನ್ನೆ ಮತ್ತೆ ಅಪ್ಪನ ಫೋನು. "ಆ ಎಂಟು ಸಿಕ್ಸರಿನವನು ಆಮೇಲೆ ಏನಾದ?"

ಬೇಸ್‌ಬಾಲ್‌ನ ಅತಿ ಮೇಲಿನ ಹಂತ ಮೇಜರ್ ಲೀಗಿಗೆ ಹೋದ, ಒಂಬತ್ತು ಸೀಸನ್ ಆಡಿದ, ಅಷ್ಟೂ ವರ್ಷ ಸೇರಿ ಹೊಡೆದದ್ದು ಆರೇ ಹೋಮ್ ರನ್ ಅಂದೆ. ಅಪ್ಪ ಗಟ್ಟಿಯಾಗಿ ನಕ್ಕರು. 1908ರ ಅಕ್ಟೋಬರ್ 2ರಂದು ಕ್ಲೀವ್‌ಲ್ಯಾಂಡ್‌ನ ಪಿಚರ್ ಆ್ಯಡಿ ಜಾಸ್ ಎದುರಾಳಿಯ ಒಬ್ಬನಿಗೂ ಮೊದಲ ಬೇಸ್ (ರನ್ನಿನ ದಾರಿಯ ಮೊದಲ ನಿಲುಗಡೆ) ಮುಟ್ಟಲು ಬಿಡದೆ ಪಂದ್ಯ ಮುಗಿಸಿದ, ಆ ಚೆಂಡುಗಳನ್ನೆಲ್ಲ ಹಿಂದೆ ಕೂತು ಹಿಡಿದವನು ಈ ಕ್ಲಾರ್ಕೇ ಅಂತಲೂ ಹೇಳಿದೆ.

"ಓ, ಕೀಪರ್ರಾ? ಅದನ್ನ ಮೊದಲೇ ಹೇಳೋದಲ್ವಾ."